ಭಾವನ ಗಾಡಿಯ ಕುಸಿದ ಆಸನ



ಮನೆವಾರ್ತೆಯ ಈ ಪುಟದಲ್ಲಿ ಮೋಟಾರು ಗಾಡಿಯ ಸೀಟಿನ ಸಂಗತಿ ಬರೆಯಹೊರಟರೆ ಕೆಲವರು ನಕ್ಕಾರು. ನಗಲಿ. ಒಂದು ಮನೆಯಲ್ಲಿ ಎರಡು ತಿಂಗಳ ಕಾಲ ಊಟದ ಹೊತ್ತಿಗೂ ಮಲಗುವ ಹೊತ್ತಿಗೂ ಅದೇ ಮಾತಾಗಿ, ಗಂಡ ಹೆಂಡಿರು ಎರಡು ದಿನ ಮಾತು ಬಿಟ್ಟು, ಮುಂಬಯಿಯಲ್ಲೊಬ್ಬಳು ಪುಣೆಯಲ್ಲೊಬ್ಬಳು ಇರುವ ಹೆಣ್ಣುಮಕ್ಕಳು ದೂರವಾಣಿಯಲ್ಲಿ ಪಂಚಾಯಿತಿ ನಡೆಸಿದ ಮೇಲೆ ಅದು ಮನೆವಾರ್ತೆಯಲ್ಲದೆ ಮತ್ತೇನು?

ಮಾಟುಂಗಾದಲ್ಲಿರುವ ನನ್ನ ಭಾವನವರ ಹತ್ತಿರ ಒಂದು ಎಂ.ಜಿ.ಬಿ. ಗಾಡಿಯಿದೆ. 1966ರದು. ಇಬ್ಬರೇ ಕೂಡುವಂಥದು, ಮೇಲೆ ಮಡಿಸುವ ಬಟ್ಟೆಯ ಹುಡ್ಡು. ಇಂಗ್ಲೆಂಡಿನ ಆಬಿಂಗ್‌ಡನ್ ಎಂಬ ಊರಿನಲ್ಲಿ 1962ರಿಂದ 1980ರ ವರೆಗೆ ಈ ಜಾತಿಯ ಗಾಡಿಗಳು ಐದು ಲಕ್ಷಕ್ಕೂ ಹೆಚ್ಚು ತಯಾರಾದವಾದರೂ ನಮ್ಮ ಕಡೆ ಕಾಣಸಿಗುವುದು ಅಪರೂಪವೇ. ಭಾವನವರು ಇದನ್ನು 1979ರಲ್ಲಿ ಕೊಂಡರು. ಆಗ ಅಕ್ಕನ ಎರಡು ಬಳೆಗಳು ಅದರೊಳಗೆ ಸೇರಿದವು. ಬಳೆಯ ಮಾತು ಅಕ್ಕ ಯಾವಾಗಲೂ ಎತ್ತುವವಳಲ್ಲ. ಗಾಡಿಯನ್ನು ಮಾರುವ ಮಾತು ಬಂದಾಗ ಮಾತ್ರ ಎತ್ತುತ್ತಾಳೆ.

ಮಾರುವ ಮಾತು ಬಂದದ್ದು ಹೀಗೆ. ಕಳೆದ ದೀಪಾವಳಿಯ ಮುಂಚೆ ಒಂದು ಬೆಳಗ್ಗೆ ಭಾವನವರು ಗಾಡಿಯನ್ನು ಕಂಪೌಂಡಿನಿಂದ ಹೊರಗೆ ತರುತ್ತಿದ್ದರು. ಕೆಳಮನೆಯ ಮಗು ಮೂರು ಗಾಲಿಯ ಸೈಕಲ್ಲಿನ ಮೇಲೆ ಎದುರಿಗೇ ಇತ್ತು. ವಾಚಮನ್ ಕೂಗಿಕೊಂಡ. ಬ್ರೇಕು ಬಿತ್ತು, ಏನೂ ಆಗಲಿಲ್ಲ. ಆದರೆ ಭಾವನವರಿಗೆ ಆ ಮಗು ಕಂಡೇ ಇರಲಿಲ್ಲ. ಸ್ಟಿಯರಿಂಗಿನ ಮೇಲಂಚು ಅವರ ಕಣ್ಣಿನ ಮಟ್ಟಕ್ಕೆ ಬಂದಿತ್ತು, ಅದರಾಚೆ ಉದ್ದನೆಯ ಬಾನೆಟ್ಟು. ಎಪ್ಪತ್ತೆಂಟರ ಮನುಷ್ಯ ಮನೆಗೆ ಬಂದು ಕೀಲಿಯನ್ನು ದೇವರ ಪಟದ ಹಿಂದೆ ಇಟ್ಟು ಮೂರು ವಾರ ಅದರ ಮಾತಾಡಲಿಲ್ಲ.

ಇತ್ತ ಅಕ್ಕನಿಗೆ ಎರಡೂ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ವರ್ಷವಾಗಿತ್ತು. ಆ ಗಾಡಿಯ ಸೀಟು ನೆಲಕ್ಕೆ ತಾಗಿದಂತಿರುವುದು. ಕೂಡುವುದೆಂದರೆ ಬಾವಿಗೆ ಇಳಿದಂತೆ, ಏಳುವುದೆಂದರೆ ಇಬ್ಬರು ಕೈಕೊಡಬೇಕು. "ಮಾರಿಬಿಡಿ, ಅಪ್ಪಾ" ಎಂದರು ಮಕ್ಕಳು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೆ ಕಣ್ಣು ಮಂಜಾಗಿ ಕಾಣದಿರುವುದು ಬೇರೆ, ಕೂತ ಜಾಗ ತಗ್ಗಾಗಿ ಕಾಣದಿರುವುದು ಬೇರೆ. ಭಾವನವರ ಕಣ್ಣನ್ನು ವೈದ್ಯರು ಆರು ತಿಂಗಳ ಹಿಂದೆಯೇ ಪರೀಕ್ಷಿಸಿ ಸರಿಯಾಗಿದೆಯೆಂದು ಹೇಳಿದ್ದರು.

ಮೊದಲನೆಯ ಉಪಾಯ ಎಲ್ಲರಿಗೂ ಹೊಳೆಯುವಂಥದೇ, ಸೋಫಾದ ದಿಂಬು. ಇದನ್ನು ಯಾರೂ ಮಾಡಬಾರದು. ಬ್ರೇಕು ಹಾಕಿದೊಡನೆ ದಿಂಬು ಮನುಷ್ಯನನ್ನು ಹೊತ್ತುಕೊಂಡು ಮುಂದೆ ಜಾರುತ್ತದೆ. ಪಟ್ಟಿ ಕಟ್ಟಿಕೊಂಡಿದ್ದರೂ ದೇಹ ಅದರ ಕೆಳಗೆ ನುಸುಳಿ, ಸೊಂಟದ ಎಲುಬಿನ ಮೇಲೆ ಬೀಳಬೇಕಾದ ಬಿಗಿತ ಮೆತ್ತನೆಯ ಹೊಟ್ಟೆಯ ಮೇಲೆ ಬೀಳುತ್ತದೆ. ಎರಡನೆಯ ಉಪಾಯವಾಗಿ ಒಂದು ಅಂಗಡಿಯವರು ಹಳೆಯ ಸೀಟಿನ ಮೇಲೆಯೇ ಎರಡಿಂಚು ಫೋಮು ಅಂಟಿಸಿ ಹೊಳೆಯುವ ರೆಕ್ಸಿನ್ ಹೊದೆಸಿಕೊಟ್ಟರು. ಹಳ್ಳ ಬಂದಾಗಲೆಲ್ಲ ಭಾವನವರು ಮೊಸರು ಕಡೆದಂತೆ ಮೇಲೆ ಕೆಳಗೆ ಆಡಿದರು. ಕೊಟ್ಟ ಹಣದ ಮೊತ್ತ ಅಕ್ಕನಿಗೆ ಇನ್ನೂ ಗೊತ್ತಿಲ್ಲ. ಈ ಸಂಚಿಕೆ ಕೈಗೆ ಬರುವ ತನಕ ಗೊತ್ತಾಗಲಾರದು.

ಕೊನೆಗೆ ಕುರ್ಲಾಕ್ಕೆ ಹೋದೆವು. ಕಾರಿನ ಸೀಟು ಹೊಲಿಯುವವರು, ತಗಡು ಬಡಿಯುವವರು, ಹಳೆಯ ಭಾಗ ಮಾರುವವರು ಅಲ್ಲಿ ಒತ್ತೊತ್ತಾಗಿದ್ದಾರೆ. ದಾರಿಯಲ್ಲಿ ಭಾವನವರು ಎಂದಿನಂತೆ ಪಾಠ ಹೇಳಿದರು. 1944ರಲ್ಲಿ ವಾಲಚಂದ ಹಿರಾಚಂದರು ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರಖಾನೆ ಇದ್ದದ್ದು ಈ ಕುರ್ಲಾದಲ್ಲಿಯೇ. ಅದಕ್ಕೂ ಮುಂಚೆ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬಯಿಯಲ್ಲಿ ಕಾರು ತಯಾರಾಗಬೇಕೆಂದು ಯೋಜನೆ ಹಾಕಿ, ಅದಕ್ಕಾಗಿ 1935ರಲ್ಲಿ ಯೂರೋಪು ಅಮೇರಿಕಾಗಳ ಕಾರಖಾನೆಗಳನ್ನು ಕಣ್ಣಾರೆ ಕಂಡು ಬಂದಿದ್ದರು. "ಆಗ ಅವರಿಗೆ ಎಪ್ಪತ್ತು ದಾಟಿತ್ತು ಮಾರಾಯ" ಎಂದು ಭಾವನವರು ನನ್ನತ್ತ ನೋಡಿದ ನೋಟದಲ್ಲಿ ಎಪ್ಪತ್ತೆಂಟಕ್ಕೆ ಗಾಡಿ ಮಾರಬೇಕೆನ್ನುವವರಿಗೆಲ್ಲ ಉತ್ತರವಿತ್ತು.

ಮಿಸ್ತ್ರಿ ಸಿಕ್ಕಿದ. ಇಂಡಿ ತಾಲ್ಲೂಕಿನವನು. ಹುಡುಗನಾಗಿ ಬಂದು ಫಿಯೆಟ್ ಟ್ಯಾಕ್ಸಿಗಳ ಸೀಟು ಹೊಲಿಯುತ್ತ ಕೈ ಪಳಗಿಸಿಕೊಂಡವನು. ಆ ಕಪ್ಪು ಹಳದಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು ಇಪ್ಪತ್ತು ವರ್ಷದ ವಯೋಮಿತಿ ಮುಗಿದು 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಮರೆಯಾದವು. ಅವನ ಕೈಕೆಲಸ ಉಳಿದಿದೆ. ನಾವು ಕನ್ನಡ ಮಾತಾಡುವುದನ್ನು ಕೇಳಿ ಸ್ಟೂಲು ಎಳೆದು ಕೂಡಿಸಿದ. ಭಾವನವರು "ಸೀಟು ಎರಡಿಂಚು ಏರಿಸಬೇಕು" ಎಂದರು. ಅವನು ಅಂಗೈಯಿಂದ ಸೀಟನ್ನು ಒತ್ತಿ ನೋಡಿ ಹೇಳಿದ:

"ಏರಿಸೂದು ಆಮ್ಯಾಲಿನ ಮಾತ್ರೀ ಸಾಹೇಬ್ರ. ಮೊದಲ ಇದು ಎಷ್ಟು ಕುಂತೈತಿ ಅಂತ ನೋಡೂಣು."

ಈ ಲೇಖನಕ್ಕೆ ಕಾರಣ ಆ ಒಂದು ಮಾತು. ಸೀಟು ಬಿಚ್ಚಿದಾಗ ಕಂಡದ್ದಿಷ್ಟು. ಚೌಕಟ್ಟಿಗೆ ಅಡ್ಡಡ್ಡ ಬಿಗಿದಿದ್ದ ರಬ್ಬರು ಪಟ್ಟಿಗಳು ಒಣಗಿ ಬಿರಿದು ಜೋಲುಬಿದ್ದಿದ್ದವು, ಎರಡು ಕಡಿದೇ ಹೋಗಿದ್ದವು. ಮೇಲಿನ ಫೋಮು ಮುಂಬಯಿಯ ಸೆಕೆಗೂ ಮಳೆಗಾಲದ ತೇವಕ್ಕೂ ಪುಡಿಯಾಗಿ, ಹಿಡಿದರೆ ಹುರಿದ ರವೆಯ ಹಾಗೆ ಉದುರಿತು. ಹೊಸ ಪಟ್ಟಿ ಎಳೆದು ಕಟ್ಟಿ, ಗಟ್ಟಿ ಜಾತಿಯ ಹೊಸ ಫೋಮು ಕತ್ತರಿಸಿ ಕೂಡಿಸಿ, ಹಳೆಯ ಚರ್ಮವನ್ನೇ ಎಣ್ಣೆ ಹಚ್ಚಿ ಮೆದು ಮಾಡಿ ತಿರುಗಿ ಹೊದೆಸಿದ. ಭಾವನವರನ್ನು ಕೂಡಿಸಿ ಅಳೆದರೆ ಒಂದೂವರೆ ಇಂಚು ಮೇಲೆ ಬಂದಿದ್ದರು! ಅಂದರೆ ನಲವತ್ತು ವರ್ಷಗಳಲ್ಲಿ ದಿನಕ್ಕಿಷ್ಟೆಂದು ಸೀಟು ಇಳಿದಿತ್ತು, ಅವರಿಗೆ ಗೊತ್ತಾಗಿರಲಿಲ್ಲ. ವಯಸ್ಸಿನಲ್ಲಿ ಮನುಷ್ಯನೂ ಒಂದಿಷ್ಟು ಗಿಡ್ಡನಾಗುತ್ತಾನೆ. ಎರಡೂ ಕೂಡಿ ಆದ ಕೆಲಸಕ್ಕೆ ಕಣ್ಣಿನ ಮೇಲೆ ಅಪವಾದ ಬಂದಿತ್ತು.

ಇನ್ನೂ ಸ್ವಲ್ಪ ಬೇಕಾಗಿತ್ತು. ಈ ಗಾಡಿಯನ್ನು ಮಾಡಿದವರೇ ಸೀಟು ಹಿಂದೆ ಮುಂದೆ ಸರಿಯುವ ಹಳಿಗೂ ನೆಲದ ತಗಡಿಗೂ ನಡುವೆ ಮರದ ಪಟ್ಟಿ ಇಟ್ಟಿದ್ದಾರೆ. ಏರಿಸಬೇಕಾದರೆ ಅಲ್ಲಿಯೇ, ಕೆಳಗಿನಿಂದ ಏರಿಸಬೇಕು. ಎಷ್ಟು ಎಂಬುದನ್ನು ಮರ ಕತ್ತರಿಸುವ ಮೊದಲೇ ತಿಳಿಯುವುದು ಹೇಗೆ? ಒಂದೇ ದಪ್ಪದ ವಸ್ತು ಬೇಕೆಂದ ಮಿಸ್ತ್ರಿ. ಭಾವನವರ ಕಪಾಟಿನಲ್ಲಿ ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳಿದ್ದವು! ನಿಂತ ಗಾಡಿಯಲ್ಲಿ ಹಳಿಯ ನಾಲ್ಕು ಮೂಲೆಗೆ ನಾಲ್ಕು ಕಟ್ಟು ಇಟ್ಟು, ಭಾವನವರನ್ನು ಕೂಡಿಸಿ, ಒಂದೊಂದೇ ಸಂಚಿಕೆ ಸೇರಿಸುತ್ತ ತೆಗೆಯುತ್ತ ನೋಡಿದೆವು. ಮುಂದಿನ ಮೂಲೆ ಹೆಚ್ಚು ಏರಿದರೆ ಮೊಣಕಾಲು ಸ್ಟಿಯರಿಂಗಿಗೆ ತಾಗುತ್ತದೆ. ಹಿಂದಿನದು ಮಾತ್ರ ಏರಿದರೆ ತೊಡೆಗೆ ಆಸರೆ ತಪ್ಪಿ, ಕ್ಲಚ್ಚು ಒತ್ತಿದಾಗಲೆಲ್ಲ ಮನುಷ್ಯ ಮುಂದಕ್ಕೆ ಜಾರುತ್ತಾನೆ. ಎರಡೂ ಏರಿದರೆ ತಲೆ ಹುಡ್ಡಿಗೆ, ಗಾಜಿನ ಮೇಲಿನ ಕಟ್ಟು ಸರಿಯಾಗಿ ಕಣ್ಣೆದುರಿಗೆ! ಒಂದು ಗಂಟೆಯ ತಕರಾರಿನ ನಂತರ ಹಿಂದೆ ಆರಾರು, ಮುಂದೆ ನಾಲ್ಕುನಾಲ್ಕು ಎಂದು ತೀರ್ಮಾನವಾಯಿತು. ಒಟ್ಟು ಇಪ್ಪತ್ತು ಸಂಚಿಕೆ, ಅಂದರೆ ನಮ್ಮ ಸಂಘದ ಐದು ವರ್ಷಗಳ ಸಾಹಿತ್ಯಸೇವೆ. ಅಳೆದರೆ ಹಿಂದೆ ಮುಕ್ಕಾಲು ಇಂಚು, ಮುಂದೆ ಅರ್ಧ ಇಂಚು. ಅಷ್ಟೇ ಹೆಚ್ಚಿನ ದಪ್ಪಕ್ಕೆ ಸಾಗುವಾನಿಯ ಹೊಸ ಪಟ್ಟಿ ಕೊರೆಸಿ, ನೀರು ಕುಡಿಯದಂತೆ ವಾರ್ನಿಷು ಬಳಿಸಿದೆವು.

ಮರ ದಪ್ಪವಾದ ಮೇಲೆ ಬೋಲ್ಟೂ ಅಷ್ಟೇ ಉದ್ದವಾಗಬೇಕು. ಹಳೆಯ ಬೋಲ್ಟನ್ನೇ ಹಾಕಿದರೆ ಎರಡು ಸುತ್ತು ಹಿಡಿದು ಬಿಗಿಯಾದಂತೆ ತೋರುತ್ತದೆ, ಪೆಟ್ಟು ಬಿದ್ದ ದಿನ ಸೀಟು ಕಿತ್ತುಬರುತ್ತದೆ. ಈ ಗಾಡಿಯದು ಇಂಚಿನ ಲೆಕ್ಕದ ಸುತ್ತು. ಮಿಲಿಮೀಟರಿನದು ಬಲವಂತದಿಂದ ಹೊಕ್ಕರೂ ಒಳಗಿನ ನಟ್ಟನ್ನು ಕೆಡಿಸುತ್ತದೆ. ನಾಗದೇವಿ ಬೀದಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಅರ್ಧ ದಿನ ಅಲೆದು ಸರಿಯಾದುದನ್ನು ತಂದೆವು. ಅಷ್ಟರಲ್ಲಿ ನೆಲದ ತಗಡಿಗೆ ಬೆಸೆದಿದ್ದ ಒಂದು ನಟ್ಟು ತುಕ್ಕಿನಿಂದ ಸಡಿಲಾಗಿ ತಿರುಗತೊಡಗಿತು. ಕಾರ್ಪೆಟ್ ಎತ್ತಿದರೆ ಆ ಜಾಗವೇ ಟೊಳ್ಳು. ಸೀಟುಗಳ ಹಿಂಬದಿಯಲ್ಲಿರುವ ಆರು ವೋಲ್ಟಿನ ಎರಡು ಬ್ಯಾಟರಿಗಳ ತಂತಿ ಬಿಚ್ಚಿ, ಆಮೇಲೆ ಹೊಸ ತಗಡು ಬೆಸೆಯಿಸಬೇಕಾಯಿತು. ನಿಜ ಹೇಳಬೇಕೆಂದರೆ ಸೀಟು ಏರಿಸುವ ನೆಪದಲ್ಲಿ ಈ ತುಕ್ಕು ಕಂಡದ್ದೇ ದೊಡ್ಡ ಲಾಭ. ಇನ್ನೆರಡು ಮಳೆಗಾಲ ಕಳೆದಿದ್ದರೆ ಹೇಳುವಂತಿರಲಿಲ್ಲ.

ಭಾವನವರ ಕಟ್ಟಪ್ಪಣೆ ಒಂದೇ: ಹೊಸದಾಗಿ ಒಂದು ತೂತನ್ನೂ ಕೊರೆಯಕೂಡದು. ಇದು ಬರಿಯ ಹಟವಲ್ಲ. ಐವತ್ತು ವರ್ಷ ದಾಟಿದ ಗಾಡಿಗಳಿಗೆ 'ವಿಂಟೇಜ್' ಎಂದು ಬೇರೆ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂದಿದೆ. ಚಾಸಿ, ಒಡಲು, ಎಂಜಿನುಗಳು ಮೂಲರೂಪದಲ್ಲಿಯೇ ಇರಬೇಕೆಂಬುದು ಅದರ ಷರತ್ತು. ಹಳೆಯ ಮರದ ಪಟ್ಟಿಗಳನ್ನೂ ಬೋಲ್ಟುಗಳನ್ನೂ ಒಂದು ಬಟ್ಟೆಯ ಚೀಲದಲ್ಲಿ ಕಟ್ಟಿಟ್ಟಿದ್ದಾರೆ. ನಾಳೆ ಯಾವ ಎತ್ತರದವನು ಕೂತರೂ ಗಾಡಿಯನ್ನು ಅರ್ಧ ದಿನದಲ್ಲಿ ಹಿಂದಿನಂತೆ ಮಾಡಬಹುದು.

ಪಟ್ಟಿಯ ವಿಷಯ ಇನ್ನೊಂದಿದೆ. ಗಾಡಿಯಲ್ಲಿ ಕೂತವರೆಲ್ಲರೂ ಸೀಟುಪಟ್ಟಿ ಕಟ್ಟಬೇಕೆಂದು ಮುಂಬಯಿ ಪೋಲೀಸರು 2022ರ ನವೆಂಬರ್ 1ರಿಂದ ಕಡ್ಡಾಯ ಮಾಡಿದ್ದಾರೆ. ಭಾವನವರು ಹಿಂದೆಯೇ ಪಟ್ಟಿ ಹಾಕಿಸಿದ್ದರು. ಸೀಟು ಏರಿದ ಮೇಲೆ ಅದರ ಓರೆ ಬದಲಾಗಿ ಕೊಂಡಿ ಹೊಟ್ಟೆಯ ಮೇಲೆ ಬರುತ್ತಿತ್ತು; ಉದ್ದವನ್ನು ಸರಿಪಡಿಸಿ ತಿರುಗಿ ಸೊಂಟಕ್ಕೆ ತಂದುಕೊಂಡೆವು.

ಇನ್ನು ಅಕ್ಕನ ಸೀಟು. ಅವಳ ಎದುರಿಗೆ ಸ್ಟಿಯರಿಂಗಿಲ್ಲ, ಕ್ಲಚ್ಚಿಲ್ಲ, ತಲೆ ಹುಡ್ಡಿಗೆ ತಾಗುವಷ್ಟು ಅವಳು ಎತ್ತರವೂ ಅಲ್ಲ. ಆದ್ದರಿಂದ ಮಿಸ್ತ್ರಿ ಅದನ್ನು ನಾಲ್ಕು ಮೂಲೆಗೂ ಸಮವಾಗಿ ಒಂದೂಕಾಲು ಇಂಚು ಏರಿಸಿದ. "ಅಕ್ಕಾರ್ದು ನಿಮಗಿಂತ ಮ್ಯಾಲ ಆತ್ರೀ" ಎಂದು ಭಾವನವರಿಗೆ ಹೇಳಿ ನಕ್ಕ. "ಮನೆಯಲ್ಲಿಯೂ ಹಾಗೆಯೇ" ಎಂದರು ಭಾವನವರು.

ಮೊದಲ ಭಾನುವಾರ ಬೆಳಗ್ಗೆ ಆರಕ್ಕೆ ಹೊರಟರು. ಹೊರಡುವ ಮುಂಚೆ ಕೆಳಮನೆಯ ಮಗುವಿನ ಸೈಕಲ್ಲನ್ನು ಬಾನೆಟ್ಟಿನ ಎದುರಿಗೆ ನಾನಾ ಅಂತರಗಳಲ್ಲಿ ಇಡಿಸಿ, ಎಲ್ಲಿಂದ ಕಾಣುತ್ತದೆ ಎಲ್ಲಿಂದ ಕಾಣುವುದಿಲ್ಲ ಎಂದು ಭಾವನವರು ಸೀಮೆಸುಣ್ಣದಿಂದ ಗೆರೆ ಎಳೆಸಿದರು. ತೀರ ಹತ್ತಿರದ್ದು ಈಗಲೂ ಕಾಣದು. ಹಾಗಾಗಿ ಕಂಪೌಂಡು ದಾಟುವ ವರೆಗೆ ವಾಚಮನ್ ಮುಂದೆ ನಡೆಯಬೇಕೆಂದು ಅವರೇ ಕಟ್ಟು ಮಾಡಿಕೊಂಡಿದ್ದಾರೆ. ಅಕ್ಕ ಬೆನ್ನು ತಿರುಗಿಸಿ ಮೊದಲು ಕೂತು, ಆಮೇಲೆ ಎರಡೂ ಕಾಲುಗಳನ್ನು ಒಟ್ಟಿಗೆ ಒಳಗೆ ತಂದುಕೊಂಡಳು. ಯಾರೂ ಕೈಕೊಡಲಿಲ್ಲ. ಫೈವ್ ಗಾರ್ಡನ್ಸ್ ಸುತ್ತಿ, ದಾದರ್ ಹೂವಿನ ಮಾರುಕಟ್ಟೆಯಿಂದ ಸೇವಂತಿಗೆ ತಂದು, ಒಂದು ಗಂಟೆಯೊಳಗೆ ಹಿಂತಿರುಗಿದರು.

ನನ್ನ ಇಪ್ಪತ್ತು ಸಂಚಿಕೆಗಳಲ್ಲಿ ಹತ್ತೊಂಬತ್ತು ಮಾತ್ರ ಕಪಾಟಿಗೆ ಮರಳಿವೆ. ಇನ್ನೊಂದನ್ನು ಮಿಸ್ತ್ರಿ ಓದಲೆಂದು ಕೇಳಿ ತೆಗೆದುಕೊಂಡು ಹೋಗಿದ್ದಾನೆ.