ಮದುವೆಯ ಉಡುಗೆಯ ಭಾರ



ಕಳೆದ ತಿಂಗಳು ಮೂಡಬಿದಿರೆಯಲ್ಲಿ ನಮ್ಮವರದೇ ಒಂದು ಮದುವೆಗೆ ಹೋಗಿದ್ದೆ. ಧಾರವಾಡದ ಕಡೆಯಿಂದ ನೌಕರಿಗಾಗಿ ಬಂದು ಬಂಟ್ವಾಳದಲ್ಲಿ ನೆಲೆಸಿದ ಕುಟುಂಬ. ಮದುಮಗಳು ಕಡುಗೆಂಪು ಲೆಹೆಂಗಾ ತೊಟ್ಟಿದ್ದಳು. ಅದರ ತುಂಬ ಜರಿಯಲ್ಲಿ ಮೂಡಿಸಿದ ನವಿಲು, ಆನೆ, ಕಮಲ, ಮಾವಿನಕಾಯಿ ಬಳ್ಳಿ. ನೋಡಲು ಕಣ್ಣಿಗೆ ಹಬ್ಬವೇ. ಆದರೆ ಹಿರಿಯರಿಗೆ ಶರಣು ಮಾಡಲು ಬಾಗಿದವಳನ್ನು ಇಬ್ಬರು ಗೆಳತಿಯರು ಹಿಡಿದು ಎತ್ತಬೇಕಾಯಿತು. ಇಷ್ಟಲಿಂಗ ಪೂಜೆಗೆ ಮಣೆಯ ಬದಲು ಕುರ್ಚಿ ತರಿಸಿದರು. ಊಟದ ಹೊತ್ತಿಗೆ ಅವಳ ತಂದೆ ನನ್ನನ್ನು ಬದಿಗೆ ಕರೆದರು. ಈ ಉಡುಗೆಗೆಂದೇ ಸಾಲ ಮಾಡಿದ್ದೇನೆ, ಇನ್ನೊಮ್ಮೆ ಇದನ್ನು ಅವಳು ಉಡುವುದಿಲ್ಲ ಎಂದರು.

ನಾನು ಉಪದೇಶ ಮಾಡಲಿಲ್ಲ. ಅದಕ್ಕೆ ನನಗೆ ಮುಖವೂ ಇರಲಿಲ್ಲ. ಆರು ವರ್ಷದ ಹಿಂದೆ ನನ್ನ ಮಗಳ ಮದುವೆಯಲ್ಲಿ ನಾನೂ ಇದನ್ನೇ ಮಾಡಿದ್ದೆ. ಆ ಉಡುಗೆ ಇಂದಿಗೂ ಟ್ರಂಕಿನಲ್ಲಿದೆ, ಜರಿ ಕಪ್ಪಾಗಿದೆ.

ಅಲಂಕಾರವೇ ತಪ್ಪೆಂದು ನಾನು ಹೇಳುತ್ತಿಲ್ಲ. ನೇಯ್ಗೆಯನ್ನೇ ಕಾಯಕ ಮಾಡಿಕೊಂಡ ಜೇಡರ ದಾಸಿಮಯ್ಯನವರ ಪರಂಪರೆ ನಮ್ಮದು. ನಮ್ಮ ಧಾರವಾಡ ಸೀಮೆಯ ಕಸೂತಿಯನ್ನೇ ನೋಡಿ. ಬಟ್ಟೆಯ ಮೇಲೆ ಗೆರೆ ಹಾಕಿಕೊಳ್ಳದೆ, ಎಳೆ ಎಣಿಸಿ, ಗಂಟು ಬೀಳದಂತೆ ತೇರು, ಗೋಪುರ, ಆನೆ, ನವಿಲು ಮೂಡಿಸುತ್ತಾರೆ. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರ ಕಾಣುತ್ತವೆ. ಒಳಗೊಂದು ಹೊರಗೊಂದು ಇಲ್ಲ. ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ ಒಂದು ಕಾಲಕ್ಕೆ ಮದುಮಗಳ ಉಡುಗೊರೆಯಾಗಿತ್ತು. ಮದುವೆಯ ನಂತರವೂ ಹಬ್ಬ ಹುಣ್ಣಿಮೆಗೆ ಉಡಲು ಬರುತ್ತಿತ್ತು. ಕರಾವಳಿಯಲ್ಲೇ ಬೇಕೆಂದರೆ ಮೂಡಬಿದಿರೆಯಿಂದ ದೂರವಲ್ಲದ ಕಿನ್ನಿಗೋಳಿಯ ತಾಳಿಪಾಡಿಯಲ್ಲಿ ನೇಕಾರರು ಕೈಮಗ್ಗದ ಉಡುಪಿ ಸೀರೆ ನೇಯುತ್ತಿದ್ದಾರೆ. ಅಲ್ಲಿ ಕೊಟ್ಟ ಹಣ ಒಂದು ಕಾಯಕದ ಕೈ ಸೇರುತ್ತದೆ.

ಅದೇ ಸೀಮೆಯ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ 1972ರಿಂದ ಉಚಿತ ಸಾಮೂಹಿಕ ವಿವಾಹ ನಡೆಯುತ್ತಿದೆ. ವಧುವಿಗೆ ಸೀರೆ, ರವಿಕೆ, ಮಂಗಳಸೂತ್ರ ಕ್ಷೇತ್ರದಿಂದಲೇ. ಅಲ್ಲಿ ಯಾರ ಉಡುಗೆ ಎಷ್ಟರದ್ದು ಎಂಬ ಮಾತೇ ಏಳದು. ಒಳ್ಳೆಯದು ಎಲ್ಲಿದ್ದರೂ ಕಲಿಯೋಣ.

ಒಂದು ಎಚ್ಚರಿಕೆ. ಸುಧಾರಣೆಯ ಮಾತು ಬಂದಾಗ ನಾವು ಮೊದಲು ಬೆರಳು ತೋರುವುದು ಹೆಣ್ಣುಮಗಳ ಸೀರೆಯತ್ತ. ವರನ ಕಡೆಯವರ ಕಾರಿನ ಸಾಲು, ಇಪ್ಪತ್ತು ಬಗೆಯ ಊಟ, ಕಲ್ಯಾಣಮಂಟಪದ ಬಾಡಿಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಮಗಳು ಕೇಳಿದ್ದು ಒಂದು ದಿನದ ಚೆಲುವು. ಅದನ್ನು ಸಾಲವಾಗಿ ಮಾಡಿದವರು ಹೋಲಿಕೆ ಮಾಡುವ ನಾವು, ಹಿರಿಯರು.

ಆದ್ದರಿಂದ ಮಠಗಳಿಗೂ ಬಂಧುಗಳಿಗೂ ನನ್ನದೊಂದು ಬಿನ್ನಹ. ನಿಶ್ಚಿತಾರ್ಥದ ದಿನವೇ ಎರಡೂ ಮನೆಯವರು ಒಟ್ಟಿಗೆ ಕೂತು ಖರ್ಚಿನ ಮಿತಿ ಹಾಕಿಕೊಳ್ಳಲಿ, ಅದನ್ನು ಸಮನಾಗಿ ಹಂಚಿಕೊಳ್ಳಲಿ. ಭಾರಿ ಉಡುಗೆ ಬೇಕೆನ್ನುವವರಿಗೆ ಒಬ್ಬರದನ್ನು ಮತ್ತೊಬ್ಬರು ಉಡುವ ಏರ್ಪಾಟು ಮಠದಲ್ಲೇ ಆಗಲಿ. ನನ್ನ ಮಗಳನ್ನು ಕೇಳಿದ್ದೇನೆ, ಒಪ್ಪಿದ್ದಾಳೆ; ಆ ಟ್ರಂಕಿನ ಉಡುಗೆ ಮೊದಲನೆಯದಾಗಲಿ.

ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆಯನ್ನು ಎಂಟು ಶತಮಾನ ದಾಟಿದರೂ ನೆನೆಯುತ್ತೇವೆ. ಆ ಮದುಮಗಳು ಏನು ಉಟ್ಟಿದ್ದಳೆಂದು ಇದುವರೆಗೆ ಯಾರೂ ಕೇಳಿಲ್ಲ.