ಮನೆಯ ಗಂಟೆಯೂ ಲಘು-ಗುರುಗಳೂ

ಬಳ್ಳಾರಿಗೆ ಸಮೀಪದ ಸಂಗನಕಲ್ಲು-ಕಪ್ಪಗಲ್ಲುಗಳ ಗುಡ್ಡದಲ್ಲಿ ನವಶಿಲಾಯುಗದ ಜನರು ವಾಸಿಸಿದ್ದರೆಂಬುದನ್ನು ವಾಚಕರು ಬಲ್ಲರು. ಅಲ್ಲಿಯ ಕೆಲವು ಕರಿಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಹೊರಡುವುದು. ಆದರೆ ಬಂಡೆಯು ತನ್ನ ಸ್ವರವನ್ನು ನಮಗಾಗಿ ಬದಲಿಸದು. ಬೇರೆ ಸ್ವರ ಬೇಕಾದವನು ಬೇರೆಡೆ ತಟ್ಟಬೇಕು.

ನಮ್ಮ ಮನೆಗಳ ವಿದ್ಯುತ್ ಗಂಟೆಗಳ ಸ್ಥಿತಿಯೂ ಬಹುಮಟ್ಟಿಗೆ ಹೀಗೆಯೇ. ಹಾನ್ಸ್ ಕ್ಯಾಮೆನ್‌ಜಿಂಡ್ ಎಂಬ ಯಂತ್ರಜ್ಞರು ರಚಿಸಿ, ೧೯೭೨ರಲ್ಲಿ ಮಾರಾಟಕ್ಕೆ ಬಂದ ೫೫೫ ಎಂಬ ಚಿಪ್ಪಿನಿಂದ ನಾದ ಹೊರಡಿಸುವುದು ಹಳೆಯ ಕ್ರಮ. ಅದರ ಜೊತೆಗಿಡುವ ಕೆಪಾಸಿಟರು ರೆಸಿಸ್ಟರುಗಳ ಮೂಲಕ ಮೂರರಲ್ಲಿ ಎರಡು ಪಾಲು ತುಂಬಿ, ಮೂರರಲ್ಲಿ ಒಂದು ಪಾಲಿಗೆ ಇಳಿಯುವುದು. ಹೀಗೆ ತುಂಬುತ್ತ ಇಳಿಯುತ್ತ ಇರುವ ವೇಗವೇ ಸ್ವರ. ಕೆಪಾಸಿಟರನ್ನು ಇಮ್ಮಡಿಗೊಳಿಸಿದರೆ ಕಂಪನವು ಅರ್ಧವಾಗುವುದು. ಸ್ವರ ಬದಲಾಗಬೇಕಾದರೆ ಬೆಸುಗೆ ಬಿಚ್ಚಿ ಬಿಡಿಭಾಗವನ್ನೇ ಬದಲಿಸಬೇಕು.

ಸ್ವರವನ್ನು ಬದಲಿಸಬೇಕಾದ ಪ್ರಮೇಯವಾದರೂ ಏನೆಂದು ಗೃಹಸ್ಥರು ಕೇಳಬಹುದು. ವಯಸ್ಸಾದಂತೆ ಕಿವಿಯಲ್ಲಿ ಮೊದಲು ಕುಂದುವುದು ತಾರಸ್ವರಗಳನ್ನು ಗ್ರಹಿಸುವ ಶಕ್ತಿ. ಅಂಗಡಿಯಲ್ಲಿ ದೊರೆಯುವ ಸಣ್ಣ ಬಜರುಗಳೋ, ಸಾಮಾನ್ಯವಾಗಿ ಸೆಕೆಂಡಿಗೆ ೨೦೦೦ದಿಂದ ೪೦೦೦ ಕಂಪನಗಳ ಕೀರಲು ದನಿಯವು. ಸಿರುಗುಪ್ಪದಲ್ಲಿ ಭತ್ತದ ನಾಟಿಯ ಕಾಲಕ್ಕೆ ಮನೆಮಂದಿಯೆಲ್ಲ ಗದ್ದೆಗೆ ಹೋದಾಗ, ಕುರುಗೋಡಿನಲ್ಲಿ ಮಕ್ಕಳು ಬಳ್ಳಾರಿಯ ಕೆಲಸಕ್ಕೆ ಬಸ್ಸು ಹತ್ತಿದಾಗ, ಮನೆಯಲ್ಲಿ ಉಳಿಯುವವರು ವೃದ್ಧರೇ. ಅವರಿಗೆ ಗಂಟೆ ಕೇಳಿಸದಿದ್ದರೆ ಔಷಧ ತಂದವನು ಬಾಗಿಲಿನಿಂದಲೇ ಹಿಂದಿರುಗುವನು. ಮನೆಯವರು ಮುದುಕರ ಅಲಕ್ಷ್ಯವೆಂದು ಗೊಣಗುವರು. ತಪ್ಪು ಮುದುಕರದಲ್ಲ, ಗಂಟೆಯ ಸ್ವರದ್ದು.

ಇದಕ್ಕೆ ಸುಲಭವಾದ ಉಪಾಯವು ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಗಣಕ. ಎಟಿಟೈನಿ ೮೫ ಎಂಬುದಕ್ಕೆ ಎಂಟೇ ಕಾಲುಗಳು. ೮ ಕಿಲೋಬೈಟಿನಷ್ಟು ಆಜ್ಞೆಗಳನ್ನು ನೆನಪಿನಲ್ಲಿಡಬಲ್ಲುದು. ೨೦೦೫ರಲ್ಲಿ ಇಟಲಿಯಲ್ಲಿ ಹುಟ್ಟಿದ ಆರ್ಡುಯಿನೋ ಫಲಕದಿಂದ ಇಂಥ ಗಣಕಗಳಿಗೆ ಪಾಠ ಹೇಳುವುದು ಹೈಸ್ಕೂಲಿನ ಮಕ್ಕಳಿಗೂ ಸಾಧ್ಯವಾಯಿತು. ಒಂದು ಕಾಲಿನಲ್ಲಿ ೫೦೦ ಮೈಕ್ರೋಸೆಕೆಂಡು ವಿದ್ಯುತ್ತನ್ನಿರಿಸಿ, ೫೦೦ ಮೈಕ್ರೋಸೆಕೆಂಡು ತೆಗೆಯೆಂದು ಆಜ್ಞಾಪಿಸಿದರೆ ೧೦೦೦ ಕಂಪನಗಳ ಸ್ವರ. ಸಂಖ್ಯೆಯನ್ನು ೧೦೦೦ಕ್ಕೆ ಏರಿಸಿದರೆ ೫೦೦ ಕಂಪನಗಳ ತಗ್ಗು ಸ್ವರ. ಬೆಸುಗೆ ಬಿಚ್ಚುವ ಕೆಲಸವೇ ಇಲ್ಲ.

ಸ್ವರ ಮಾತ್ರವಲ್ಲ, ಲಯವೂ ನಮ್ಮ ವಶ. ಲಘುವಿಗೆ ೨೦೦ ಮಿಲಿಸೆಕೆಂಡು, ಗುರುವಿಗೆ ೪೦೦ ಎಂದಿಟ್ಟುಕೊಳ್ಳಿರಿ. ಬಾಗಿಲಿಗೆ ಮೂರು ಗುರುಗಳ ಮಗಣ, ಮಾಳಿಗೆಯ ನೀರಿನ ತೊಟ್ಟಿ ತುಂಬಿದುದಕ್ಕೆ ಮೂರು ಲಘುಗಳ ನಗಣ, ಹಿತ್ತಿಲ ಬಾಗಿಲಿಗೆ ನಡುವೆ ಲಘುವಿರುವ ರಗಣ. ಕುಳಿತಲ್ಲಿಂದಲೇ ಅಜ್ಜಿಯು ಎಲ್ಲಿಗೆ ಹೋಗಬೇಕೆಂದು ತಿಳಿಯುವಳು. ಪಿಂಗಲನ ಪ್ರಸ್ತಾರಕ್ರಮದಲ್ಲಿ ಎಂಟು ಅಕ್ಷರಗಳ ಪಾದಕ್ಕೆ ೨೫೬ ಲಘು-ಗುರು ವಿನ್ಯಾಸಗಳು. ಈ ಗಣಕದ ಎಂಟು ಬಿಟ್ಟುಗಳ ಮನೆಯೊಂದರಲ್ಲಿಯೂ ೨೫೬ ಬೆಲೆಗಳು. ಎರಡೂ ಒಂದೇ ಲೆಕ್ಕ.

ಆದರೆ ಬಿಡಿಭಾಗಗಳಿಗೆ ಪೂರ್ತಿ ವಿದಾಯ ಹೇಳಲಾಗದು. ತೆಳು ಬಜರು ತಗ್ಗು ಸ್ವರವನ್ನು ಗಟ್ಟಿಯಾಗಿ ನುಡಿಯಲಾರದಾದುದರಿಂದ ಸಣ್ಣ ಸ್ಪೀಕರೂ, ಅದನ್ನು ನಡೆಸಲು ಟ್ರಾನ್ಸಿಸ್ಟರೂ ಬೇಕು. ಒಂದೇ ಸ್ವರ ಸಾಕೆನ್ನುವವರಿಗೆ ೫೫೫ ಈಗಲೂ ಸಾಕು. ಗಣಕದ ಒಳಗಡಿಯಾರವು ಸೆಕೆಯಲ್ಲಿ ತುಸು ಹೆಚ್ಚುಕಡಿಮೆಯಾಗುವುದುಂಟು. ಬಾಗಿಲ ಗಂಟೆಗೆ ಅದರಿಂದ ಬಾಧಕವಿಲ್ಲ.

ಒಂದು ಎಚ್ಚರಿಕೆ ಮಾತ್ರ ಅವಶ್ಯ. ಹಳೆಯ ಗಂಟೆ ಕೆಟ್ಟರೆ ರಿಪೇರಿಯವನು ನೋಡಿಯೇ ದೋಷ ಕಂಡುಹಿಡಿಯಬಲ್ಲನು. ಹೊಸದರ ಸಾರವಿರುವುದು ಕಣ್ಣಿಗೆ ಕಾಣದ ಆಜ್ಞಾಪಾಠದಲ್ಲಿ. ಅದನ್ನು ಬರೆದ ಮಗನು ಬೆಂಗಳೂರಿಗೆ ಹೋದ ಮೇಲೆ ಚಿಪ್ಪು ಸುಟ್ಟರೆ ಗಂಟೆಯು ಮೂಕವಾಗುವುದು. ಆದುದರಿಂದ ಆ ಪಾಠದ ಒಂದು ಪ್ರತಿಯನ್ನು ಕಾಗದಕ್ಕಿಳಿಸಿ, ಮನೆಯ ಪತ್ರಗಳ ಜೊತೆಯಲ್ಲಿ ಇಡತಕ್ಕದ್ದು. ವಿದ್ಯುತ್ತು ೫ ವೋಲ್ಟಿನ ಮೊಬೈಲ್ ಚಾರ್ಜರಿನಿಂದಲೇ ಬರಲಿ. ಗೋಡೆಯ ೨೩೦ ವೋಲ್ಟಿನ ತಂತಿಗೆ ಮಕ್ಕಳು ಕೈಯಿಡಬಾರದು.

ಇನ್ನು ಸ್ವರವನ್ನು ನಿಶ್ಚಯಿಸುವ ಅಧಿಕಾರವು ಗಂಟೆ ಮಾಡಿದವನದಲ್ಲ. ಅಜ್ಜಿಯನ್ನು ಅವಳು ದಿನವೂ ಕುಳಿತುಕೊಳ್ಳುವ ಕೋಣೆಯಲ್ಲಿಯೇ ಕುಳ್ಳಿರಿಸಿ, ಸಂಖ್ಯೆಯನ್ನು ಒಂದೊಂದಾಗಿ ಬದಲಿಸುತ್ತ ಹೋಗಿರಿ. ಅವಳು ತಲೆಯೆತ್ತಿ ನೋಡಿದ ಸಂಖ್ಯೆಯೇ ಸರಿಯಾದ ಸಂಖ್ಯೆ.