ಪೂರ್ವಗ್ರಹ: ಪೀಡಿತನಾರು?

ಕನ್ನಡ ವಿಮರ್ಶೆಯಲ್ಲಿ ‘ಪೂರ್ವಗ್ರಹ’, ‘ಪೂರ್ವಾಗ್ರಹ’ ಎಂಬ ಎರಡು ರೂಪಗಳೂ ಬಳಕೆಯಲ್ಲಿವೆ. ಇದು ಕೇವಲ ಕಾಗುಣಿತದ ವ್ಯತ್ಯಾಸವಲ್ಲ. ಮೊದಲನೆಯದಕ್ಕೆ ಮುಂಚಿತವಾಗಿ ಗ್ರಹಿಸಿಕೊಂಡದ್ದು ಎಂದರ್ಥ. ಎರಡನೆಯದರಲ್ಲಿ ‘ಆಗ್ರಹ’ ಸೇರಿ ಸವರ್ಣದೀರ್ಘ ಸಂಧಿಯಾಗಿದೆ. ಹಿಂದಿಯಲ್ಲಿ ರೂಢವಾಗಿರುವುದು ಇದೇ. ಗ್ರಹಿಕೆಯನ್ನು ತಿದ್ದಬಹುದು, ಹಟವನ್ನು ತಿದ್ದುವುದು ಕಷ್ಟ.

ಇಂಗ್ಲಿಷಿನ ‘ಪ್ರೆಜುಡಿಸ್’ಗೆ ಮೂಲವಾದ ಲ್ಯಾಟಿನ್ ಪದ ನ್ಯಾಯಾಲಯದ್ದು. ಮುಖ್ಯ ವಿಚಾರಣೆಗೆ ಮುನ್ನ ಕೈಗೊಂಡ ತೀರ್ಮಾನವೆಂಬ ಅರ್ಥದಿಂದ ಹೊರಟ ಅದು, ಆ ತೀರ್ಮಾನದಿಂದ ಇನ್ನೊಬ್ಬನಿಗಾಗುವ ಹಾನಿ ಎಂಬ ಅರ್ಥದವರೆಗೂ ಚಾಚಿತು. ಕಾನೂನಿನ ಇಂಗ್ಲಿಷಿನಲ್ಲಿ ಈ ಹಾನಿಯ ಅರ್ಥ ಇಂದಿಗೂ ಜೀವಂತವಾಗಿದೆ. ಗಾಡಮರ್ ತಮ್ಮ ‘ಸತ್ಯ ಮತ್ತು ವಿಧಾನ’ (1960) ಗ್ರಂಥದಲ್ಲಿ ಪೂರ್ವಗ್ರಹಗಳಿಲ್ಲದೆ ಅರ್ಥೈಸುವಿಕೆಯೇ ಅಸಾಧ್ಯವೆಂದು ವಾದಿಸುವಾಗ ಆಶ್ರಯಿಸಿದ್ದು ಮೊದಲ ಅರ್ಥವನ್ನು.

ಕನ್ನಡ ಪದಕ್ಕೆ ಈ ಹಾನಿಯ ಅರ್ಥ ದಕ್ಕಲಿಲ್ಲ. ಅದಕ್ಕಿಂತ ದೊಡ್ಡ ತೊಡಕಿರುವುದು ‘ಪೂರ್ವಗ್ರಹಪೀಡಿತ’ ಎಂಬ ಪ್ರಯೋಗದಲ್ಲಿ. ರೋಗಪೀಡಿತ, ಬರಪೀಡಿತ ಎಂಬಲ್ಲಿ ನೋಯುವವನೇ ಪೀಡಿತ. ಇಲ್ಲಿಯಾದರೋ ಪರರನ್ನು ಕೀಳೆಂದು ಮೊದಲೇ ತೀರ್ಮಾನಿಸಿದವನು ಪೀಡಿತನೆನಿಸುತ್ತಾನೆ. (‘ಗ್ರಹ’ಕ್ಕಂಟಿದ ಗ್ರಹಚಾರದ ನೆರಳೂ ಇದಕ್ಕೆ ನೆರವಾಗಿರಬಹುದು.) ಜಾತಿಯ ಕಾರಣಕ್ಕೆ ಬಾಡಿಗೆಮನೆ ದೊರೆಯದವನ ಪೀಡೆಗೆ ಈ ಸಮಾಸದಲ್ಲಿ ಸ್ಥಳವಿಲ್ಲ; ಮನೆ ನಿರಾಕರಿಸಿದವನಿಗೆ ಮಾತ್ರ ರೋಗಿಗೆ ಸಲ್ಲುವ ಅನುಕಂಪ ಸಲ್ಲುತ್ತದೆ. ತನ್ನ ಇಚ್ಛೆಯಿಲ್ಲದೆ ಬಂದೆರಗಿದ ಬಾಧೆಗೆ ಯಾರೂ ಹೊಣೆಯಲ್ಲವಷ್ಟೆ. ದಲಿತ ಬರಹವನ್ನು ಓದದೆಯೇ ಬದಿಗೆ ಸರಿಸಿದ ವಿಮರ್ಶೆಯನ್ನೂ ಇದೇ ಮೃದುಮಾತಿನಿಂದ ಕರೆಯಬೇಕೆ? ‘ಪೂರ್ವಗ್ರಹವುಳ್ಳ’ ಎಂದು ಬರೆಯಲು ವ್ಯಾಕರಣದ ಅಡ್ಡಿಯೇನೂ ಇಲ್ಲ.